ಕರು, ಕುರಿಮರಿ, ಪಾಲು: ಡೆಂಕಣಿಕೋಟೆಯ ಒಂದು ಮನೆಯಿಂದ ಲೂಕ 15ರ ಓದು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಗುರುಗಳು ನನಗೆ ಕೊಟ್ಟ ವಿಷಯ ‘ದೈನಂದಿನ ಬದುಕಿಗೆ ವಾಕ್ಯದ ಅನ್ವಯ’. ಇದು ಸಾಮಾನ್ಯವಾಗಿ ಪ್ರಸಂಗದ ವಿಷಯ, ಇತಿಹಾಸದ ವಿಷಯ ಅಲ್ಲ. ಪ್ರಸಂಗದ ಕೊನೆಗೆ ‘ಪ್ರಿಯರೇ, ಇದರಿಂದ ನಾವು ಕಲಿಯುವ ಪಾಠ ಮೂರು’ ಅಂತ ಬರುತ್ತಲ್ಲ, ಅದನ್ನೇ ಅನ್ವಯ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಒಂದು ವಾಕ್ಯವನ್ನು ಯಾರು, ಯಾವಾಗ, ಯಾರ ಮನೆಗೆ ಅನ್ವಯಿಸಿದರು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಕನ್ನಡ ನಾಡಿನ ಸಭೆಗಳಲ್ಲಿ ಆ ಚರಿತ್ರೆ ಸುಮಾರು ಇನ್ನೂರು ವರ್ಷದ್ದು ಸಿಗುತ್ತದೆ. ಅದರಲ್ಲಿ ಒಂದೇ ಒಂದು ಸಾಮ್ಯವನ್ನು ಹಿಡಿದುಕೊಂಡು ಹೋಗುತ್ತೇನೆ: ಲೂಕ 15ರ ಇಬ್ಬರು ಗಂಡುಮಕ್ಕಳ ಕಥೆ.

ಮೊದಲು ಊರಿನ ಬಗ್ಗೆ ಎರಡು ಮಾತು. ನಮ್ಮದು ಡೆಂಕಣಿಕೋಟೆಯ ಹತ್ತಿರದ ಹಳ್ಳಿ. ಟಿಪ್ಪು ಸುಲ್ತಾನ ಬಿದ್ದ 1799ರಲ್ಲಿ ಹೊಸೂರು, ಡೆಂಕಣಿಕೋಟೆ ಸೀಮೆ ಕಂಪನಿಯ ಕೈಗೆ ಹೋಗಿ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಜಿಲ್ಲೆ ಆಯಿತು, 2004ರಲ್ಲಿ ಕೃಷ್ಣಗಿರಿ. ಜಿಲ್ಲೆ ಬದಲಾಯಿತು, ರಾಗಿ ಹೊಲ ಬದಲಾಗಲಿಲ್ಲ. ಮನೇಲಿ ಕನ್ನಡ, ಸಂತೇಲಿ ತೆಲುಗು, ಕಚೇರೀಲಿ ತಮಿಳು. ತಮಿಳುನಾಡಿನ 2006ರ ಕಾಯ್ದೆಯಿಂದ ಒಂದನೇ ತರಗತಿಯಿಂದ ತಮಿಳು ಕಲಿಕೆ ಹಂತಹಂತವಾಗಿ ಕಡ್ಡಾಯ ಆದ ಮೇಲೆ ಬೆಳೆದ ನಮ್ಮ ಮನೆಯ ಮಕ್ಕಳು ಕನ್ನಡದಲ್ಲಿ ಜಗಳ ಆಡ್ತಾರೆ, ತಮಿಳಿನಲ್ಲಿ ಓದ್ತಾರೆ. ಹಾಗಾಗಿ ಮನೆಯ ಪ್ರಾರ್ಥನೆಯಲ್ಲಿ ಅಜ್ಜಿಯ ಕನ್ನಡ ಸತ್ಯವೇದದ ಪಕ್ಕ ಅಣ್ಣನ ಮಗಳ ತಮಿಳು ವೇದಾಗಮ ಇರುತ್ತೆ. ಯಾವ ಪುಸ್ತಕ ತೆರೆದರೂ ಲೂಕ 15ರಲ್ಲಿ ತಂದೆ ಕೊಯ್ಯಿಸುವುದು ಕೊಬ್ಬಿಸಿದ ಕರುವನ್ನೇ. ಕನ್ನಡದಲ್ಲಿ ಕರು, ತಮಿಳಿನಲ್ಲಿ ಕನ್ರು, ತೆಲುಗಿನಲ್ಲಿ ದೂಡ.

ಈ ಕರುವಿನಿಂದಲೇ ಚರಿತ್ರೆ ಶುರು ಆಗುತ್ತೆ.

ಅಬ್ಬೆ ದುಬಾಯ್ ಅವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಫ್ರೆಂಚ್ ಪಾದ್ರಿ, 1792ರಲ್ಲಿ ಪಾಂಡಿಚೇರಿಗೆ ಬಂದವರು, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ಕೆಲಸ ಮಾಡಿದವರು. ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರನ್ನು ಬೇಸಾಯಕ್ಕೆ ಕೂರಿಸಿದರು, ಸಿಡುಬಿಗೆ ದಾಕು ಹಾಕಿಸಲು ಓಡಾಡಿದರು. ರುಮಾಲು, ನಿಲುವಂಗಿ, ಸಸ್ಯಾಹಾರ. ಊಟ ಉಡುಗೆ ಎರಡರಲ್ಲೂ ಇಲ್ಲಿಯವರಂತೆ ಇದ್ದರು. ಸಮಾಜಶಾಸ್ತ್ರದವರು ಅವರನ್ನು ಹಿಂದೂ ಆಚಾರ ವಿಚಾರಗಳ ಬಗ್ಗೆ ಬರೆದ ದೊಡ್ಡ ಪುಸ್ತಕಕ್ಕಾಗಿ ಓದುತ್ತಾರೆ. ನಮಗೆ ಬೇಕಾದದ್ದು ಇನ್ನೊಂದು, ಸ್ವಲ್ಪ ಕಹಿಯಾದ ಪುಸ್ತಕ: ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಪತ್ರಗಳು, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಅದೇ ವರ್ಷ ಅವರು ಇಂಡಿಯಾ ಬಿಟ್ಟು ಹೋದರು.

ಆ ಪತ್ರಗಳಲ್ಲಿ ಅವರ ವಾದ ಏನಪ್ಪಾ ಅಂದ್ರೆ, ಬೈಬಲನ್ನು ದೇಶಭಾಷೆಗಳಿಗೆ ತರ್ಜುಮೆ ಮಾಡಿ ಹಾಗೇ ಜನರ ಕೈಗೆ ಕೊಡಬಾರದು. ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅದಕ್ಕೆ ತಮ್ಮದೇ ಅನುಭವ ಒಂದನ್ನು ಹೇಳುತ್ತಾರೆ. ಒಮ್ಮೆ ಸಭೆಯಲ್ಲಿ ತಪ್ಪಿಹೋದ ಮಗನ ಸಾಮ್ಯವನ್ನು ವಿವರಿಸುತ್ತಾ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದ ಅಂತ ಹೇಳಿದರಂತೆ. ಪೂಜೆ ಮುಗಿದ ಮೇಲೆ ಕೆಲವು ಕ್ರೈಸ್ತರು ಬಂದು, ಸ್ವಾಮಿ, ಆ ಕರುವಿನ ಮಾತು ಎತ್ತಬಾರದಿತ್ತು. ಕೇಳಿಸಿಕೊಂಡ ಬೇರೆಯವರು ಇದು ಕೀಳುಜಾತಿಯವರ ಮತ ಅಂತಲೇ ತಿಳಿಯುತ್ತಾರೆ. ಇನ್ನೊಂದು ಸಲ ಇದೇ ಕಥೆ ಹೇಳುವಾಗ ಕರುವಿನ ಜಾಗದಲ್ಲಿ ಕುರಿಮರಿ ಅನ್ನಿ, ಅಂತ ಬುದ್ಧಿ ಹೇಳಿದರಂತೆ.

ಈ ಪ್ರಸಂಗವನ್ನು ಮೊದಲು ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತುಹೋಯಿತು. ಯಾಕೆ ಅಂದ್ರೆ ಇದೇ ನಮ್ಮ ನಾಡಿನಲ್ಲಿ ‘ಅನ್ವಯ’ ಅನ್ನೋದಕ್ಕೆ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು. ಅನ್ವಯ ಮಾಡಿದವರು ಪಾದ್ರಿ ಅಲ್ಲ, ಕೇಳುಗರು. ವಾಕ್ಯ ತಮ್ಮ ಬೀದಿಯಲ್ಲಿ ಏನು ಮಾಡುತ್ತೆ ಅಂತ ಅವರಿಗೆ ಗೊತ್ತಿತ್ತು.

ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡ್ತಾ ಇದ್ದರು. 1810ರಲ್ಲಿ ಅಲ್ಲಿಗೆ ಬಂದವರು ಇಪ್ಪತ್ತು ವರ್ಷ ಕೂತು ಕನ್ನಡ ಬೈಬಲ್ ಮಾಡಿದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ದುಬಾಯ್ ಅವರಿಗೆ ಉತ್ತರವಾಗಿ 1824ರಲ್ಲಿ ಜೇಮ್ಸ್ ಹೌ, ಹೆನ್ರಿ ಟೌನ್ಲಿ ಇಬ್ಬರೂ ಒಂದೊಂದು ಪುಸ್ತಕ ಬರೆದರು. ಆ ಜಗಳವನ್ನು ಕಥೋಲಿಕ–ಪ್ರಾಟೆಸ್ಟೆಂಟ್ ಜಗಳ ಅಂತ ಓದಿ ಮುಗಿಸುವುದು ಸುಲಭ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಕುರಿಮರಿ ಅಂದಿದ್ದರೆ ಕಥೆಗೆ ಏನಾಗುತ್ತಿತ್ತು ಅನ್ನೋದು ನನ್ನ ಪ್ರಶ್ನೆ.

ನೋಡಿ, ಹಿರಿಯ ಮಗನ ದೂರು ಏನು? ಇಷ್ಟು ವರ್ಷ ದುಡಿದೆ, ಗೆಳೆಯರ ಜತೆ ಉಣ್ಣೋಕೆ ನನಗೊಂದು ಆಡಿನ ಮರಿಯನ್ನೂ ನೀನು ಕೊಡಲಿಲ್ಲ. ಇವನು ಬಂದ ತಕ್ಷಣ ಕೊಬ್ಬಿಸಿದ ಕರು! ಆಡಿನ ಮರಿಗೂ ಕರುವಿಗೂ ನಡುವೆ ಇರುವ ದೂರದಲ್ಲೇ ಅವನ ಸಂಕಟ ನಿಂತಿದೆ. ಕರುವನ್ನು ತೆಗೆದು ಕುರಿಮರಿ ಇಟ್ಟರೆ, ಒಂದು ಕಡೆ ಕುರಿಮರಿ, ಇನ್ನೊಂದು ಕಡೆ ಆಡಿನ ಮರಿ. ಸಂತೆಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಹಿರಿಯ ಮಗ ಸುಮ್ಮಸುಮ್ಮನೆ ಮುನಿಸಿಕೊಂಡವನ ಹಾಗೆ ಕಾಣ್ತಾನೆ. ಹೊರಗಿನವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಮಾಡಿದ ಒಂದು ಬದಲಾವಣೆಯಿಂದ ಮನೆಯೊಳಗಿನ ಅಣ್ಣನ ದೂರು ಅಳಿಸಿಹೋಗುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಕಡೆ ಕರುವನ್ನು ಕೊಬ್ಬಿಸುವ ಪದ್ಧತಿಯೇ ಇಲ್ಲ. ಆಲಂಬಾಡಿ ತಳಿಯ ಹೋರಿಗರು ಅಂದ್ರೆ ನೇಗಿಲಿಗೆ, ಗಾಡಿಗೆ. ಊರಲ್ಲಿ ಕೊಬ್ಬಿಸಿ ಇಡೋದು ಮಾರಮ್ಮನ ಹಬ್ಬಕ್ಕೆ ಬಿಟ್ಟ ಟಗರನ್ನು. ಹಾಗಾಗಿ ಕುರಿಮರಿ ಅಂದ ತಕ್ಷಣ ಕಥೆ ನಿರಾತಂಕ ಆಗೋದಿಲ್ಲ, ಅದು ಜಾತ್ರೆಯ ಕಡೆಗೆ ತಿರುಗುತ್ತೆ.

ಇನ್ನು ಜಾತಿಯ ಮಾತು. ದುಬಾಯ್ ಅವರ ಬಳಿಗೆ ಬಂದು ಬುದ್ಧಿ ಹೇಳಿದವರು ಯಾರ ಪರವಾಗಿ ಮಾತಾಡಿದರು? ಆ ಕಾಲದ ಸಭೆಗಳಲ್ಲಿ ದನದ ಮಾಂಸ ತಿನ್ನುವ ಕುಟುಂಬಗಳವರೂ ಇದ್ದರು. ಅವರಿಗೆ ಕರು ಅಂದರೆ ಅಪಚಾರ ಅಲ್ಲ, ಹಬ್ಬ. ಅವರನ್ನು ಕೇಳಿದ ಸೂಚನೆ ಆ ಪ್ರಸಂಗದಲ್ಲಿ ಇಲ್ಲ. ಇಲ್ಲಿ ಪೌಲನ ಎರಡು ಮಾತುಗಳು ಒಂದನ್ನೊಂದು ಎಳೆದಾಡುತ್ತವೆ. 1 ಕೊರಿಂಥ 8ರಲ್ಲಿ, ನನ್ನ ಊಟದಿಂದ ಸಹೋದರ ಎಡವುವುದಾದರೆ ನಾನು ಮಾಂಸವನ್ನೇ ಬಿಡುತ್ತೇನೆ ಅನ್ನುವ ಪೌಲ. ಅದೇ ಪತ್ರದ 11ನೇ ಅಧ್ಯಾಯದಲ್ಲಿ, ಉಳ್ಳವರು ಮೊದಲೇ ಉಂಡು ಇಲ್ಲದವರನ್ನು ನಾಚಿಸುತ್ತೀರಿ ಅಂತ ಗದರುವ ಪೌಲ. ಬುದ್ಧಿ ಹೇಳಿದವರ ಕೈಯಲ್ಲಿ 8ನೇ ಅಧ್ಯಾಯ ಇತ್ತು ಅನ್ನಬಹುದು. 11ನೇ ಅಧ್ಯಾಯವನ್ನು ಎತ್ತಿದವರು ತಡವಾಗಿ ಬಂದರು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಆಂಗ್ಲಿಕನ್ ಸಭೆಗಳಲ್ಲಿ ಜಾತಿಭೇದ ಕೂಡಲೇ ನಿಲ್ಲಬೇಕು ಅಂತ ಪತ್ರ ಬರೆದಾಗ ತಂಜಾವೂರಿನಲ್ಲಿ ವೇದನಾಯಗಂ ಶಾಸ್ತ್ರಿಯಂಥ ದೊಡ್ಡ ಕ್ರೈಸ್ತಕವಿಯೇ ವಿರೋಧಕ್ಕೆ ನಿಂತರು. ಅವರೂ ವಾಕ್ಯ ಹಿಡಿದೇ ವಾದಿಸಿದವರು. ವಾಕ್ಯ ಗೊತ್ತಿಲ್ಲದವರಲ್ಲ.

ಮಂಗಳೂರಿಗೆ ಬರೋಣ, ಬೇಗ ದಾಟಿಬಿಡ್ತೀನಿ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಮೋಗ್ಲಿಂಗ್ ಅವರ ಬಳಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಆಮೇಲೆ ಅವರು ಬಾಸೆಲ್‌ಗೆ ಹೋಗಿ ಓದಿ ಬಂದು ಪಾದ್ರಿಯಾದರು. ಮನೆಯವರ ಲೆಕ್ಕದಲ್ಲಿ ಅವರು ದೂರದೇಶಕ್ಕೆ ಹೊರಟುಹೋದ ಕಿರಿಯ ಮಗ. ಮಿಷನ್ನಿನ ಲೆಕ್ಕದಲ್ಲಿ ಮನೆಗೆ ಬಂದ ಮಗ. ಒಂದೇ ಮನುಷ್ಯ, ಒಂದೇ ಕಥೆ, ಎರಡು ತಂದೆಮನೆ. ಕ್ರೈಸ್ತರಾಗಿ ಹುಟ್ಟಿದ ನಾವು ಈ ಸಾಮ್ಯವನ್ನು ಓದುವಾಗ ತಂದೆಮನೆ ಯಾವುದು ಅಂತ ಯೋಚಿಸುವುದೇ ಇಲ್ಲ. ಮೊದಲ ತಲೆಮಾರಿನವರಿಗೆ ಅದೇ ಮೊದಲ ಪ್ರಶ್ನೆ ಆಗಿತ್ತು.

ಈಗ ನನ್ನ ಮುಖ್ಯ ವಿಷಯ: ಪಾಲು.

ಪ್ರಸಂಗಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇವೆ. ತಂದೆ ಬದುಕಿರುವಾಗಲೇ ಪಾಲು ಕೇಳಿದ್ದು ಎಂದರೆ ತಂದೆ ಸಾಯಲಿ ಅಂತ ಬಯಸಿದ ಹಾಗೆ, ಅಂತ. ವ್ಯಾಖ್ಯಾನ ಪುಸ್ತಕಗಳಿಂದ ಬಂದದ್ದು. ಪಶ್ಚಿಮ ಏಷ್ಯಾದ ಹಳ್ಳಿಗಳನ್ನು ನೋಡಿ ಬರೆದದ್ದು. ನಮ್ಮ ಹಳ್ಳಿಯಲ್ಲಿ ಈ ಮಾತು ಹೇಳಿ ನೋಡಿ, ಯಾರೂ ತಲೆ ಆಡಿಸೋದಿಲ್ಲ. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ‘ಭಾಗ ಮಾಡ್ಕೊಡಿ’ ಅಂತ ಕೇಳೋದು ವಾಡಿಕೆ. ಬೇಸರ ಆಗುತ್ತೆ, ಒಲೆ ಎರಡಾಗುತ್ತೆ, ಆದರೆ ಅದು ತಂದೆಯ ಸಾವು ಬಯಸಿದ ಹಾಗೆ ಅಲ್ಲ. ಅಂದ್ರೆ ನಮ್ಮಲ್ಲಿ ಕಿರಿಯ ಮಗನ ತಪ್ಪು ಪಾಲು ಕೇಳಿದ್ದರಲ್ಲಿ ಇಲ್ಲ. ಮಾರಿಕೊಂಡು ಹೊರಟದ್ದರಲ್ಲಿ ಇದೆ.

ಗ್ರೀಕ್ ಪಠ್ಯದಲ್ಲಿ ತಂದೆ ಹಂಚಿದ್ದಕ್ಕೆ ಬಳಸಿದ ಪದ ‘ಬಿಯೊಸ್’. ಜೀವನ ಅಂತಲೂ ಆಗುತ್ತೆ, ಜೀವನೋಪಾಯ ಅಂತಲೂ ಆಗುತ್ತೆ. ಕನ್ನಡದ ‘ಬದುಕು’ ಎರಡನ್ನೂ ಸಲೀಸಾಗಿ ಹಿಡಿಯುತ್ತೆ. ‘ಹೊಲ ಬದುಕು ಹೇಗಿದೆ?’ ಅಂತ ಕೇಳ್ತೀವಲ್ಲ. ತಂದೆ ಬದುಕನ್ನೇ ಹಂಚಿದ. ಮತ್ತೆ ಗಮನಿಸಿ, ಇಬ್ಬರಿಗೂ ಹಂಚಿದ. ಹಿರಿಯನ ಪಾಲು ಅವತ್ತೇ ಅವನಿಗೆ ಸೇರಿತ್ತು. ಆದರೂ ಆಡಿನ ಮರಿಗಾಗಿ ತಂದೆಯ ಅಪ್ಪಣೆ ಕಾಯುತ್ತಿದ್ದ.

ಕ್ರೈಸ್ತರಾದ ಮೇಲೆ ಪಾಲಿನ ಲೆಕ್ಕ ಯಾವುದು? ಈ ಪ್ರಶ್ನೆ ಕೋರ್ಟಿಗೆ ಹೋದದ್ದೂ ಬಳ್ಳಾರಿಯಿಂದಲೇ, ಹ್ಯಾಂಡ್ಸ್ ಬೈಬಲ್ ಮಾಡಿದ ಊರಿನಿಂದಲೇ. ಮ್ಯಾಥ್ಯೂ ಅಬ್ರಹಾಂ ಅಂತ ಒಬ್ಬ ದೇಶೀ ಕ್ರೈಸ್ತ ವ್ಯಾಪಾರಿ, ತಮ್ಮ ಫ್ರಾನ್ಸಿಸ್. ಅಣ್ಣನ ಹೆಂಡತಿ ಶಾರ್ಲೆಟ್ ಯುರೋಪಿಯನ್ ಮೂಲದ ಮಿಶ್ರ ಕುಟುಂಬದವಳು. 1842ರಲ್ಲಿ ಮ್ಯಾಥ್ಯೂ ತೀರಿಕೊಂಡ. ನಾವು ಅವಿಭಕ್ತ ಕುಟುಂಬ, ಆಸ್ತಿಯಲ್ಲಿ ನನಗೂ ಪಾಲಿದೆ ಅಂತ ತಮ್ಮ. ನಾವು ಆ ರೀತಿ ಬದುಕಲೇ ಇಲ್ಲ ಅಂತ ವಿಧವೆ. ಪ್ರಿವಿ ಕೌನ್ಸಿಲ್ 1863ರಲ್ಲಿ ತೀರ್ಪು ಕೊಟ್ಟಿತು. ಮತ ಬದಲಿಸಿದವನು ಹಳೆಯ ಕಾನೂನನ್ನು ಬಿಡಬಹುದು, ಇಟ್ಟುಕೊಳ್ಳಲೂಬಹುದು. ಅವನು ಹೇಗೆ ನಡೆದುಕೊಂಡ ಅಂತ ನೋಡಬೇಕು. ಈ ಅಣ್ಣತಮ್ಮಂದಿರ ನಡುವೆ ಹಿಂದೂ ಅವಿಭಕ್ತ ಕುಟುಂಬದ ಪಾಲು ಇಲ್ಲ ಅಂತ ಹೇಳಿತು.

ಈ ಮೊಕದ್ದಮೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಕ್ಷಿ ವಿಚಾರಣೆ. ಯಾವ ಬಟ್ಟೆ ಹಾಕುತ್ತಿದ್ದರು, ಏನು ಉಣ್ಣುತ್ತಿದ್ದರು, ಯಾರ ಜತೆ ಒಡನಾಟ, ಇವೇ ಪ್ರಶ್ನೆಗಳು. ಶಿಷ್ಯತ್ವ ಅಂದರೆ ದಿನದಿನದ ನಡೆ ಅಂತ ಪ್ರಸಂಗದಲ್ಲಿ ಹೇಳ್ತೀವಿ. ಕೋರ್ಟೂ ನಡೆಯನ್ನೇ ಕೇಳಿತು, ಆದರೆ ಟೋಪಿ, ಊಟದ ಮೇಜು ನೋಡಿ ಅಳೆಯಿತು. ಲೂಕ 12ರಲ್ಲಿ ಗುಂಪಿನಿಂದ ಒಬ್ಬ, ಬೋಧಕನೇ, ನನಗೆ ಪಾಲು ಕೊಡು ಅಂತ ನನ್ನ ಅಣ್ಣನಿಗೆ ಹೇಳು ಅಂತಾನೆ. ಯೇಸು ಪಂಚಾಯ್ತಿ ಮಾಡಲು ಒಪ್ಪುವುದಿಲ್ಲ, ಲೋಭದ ಬಗ್ಗೆ ಎಚ್ಚರಿಸುತ್ತಾನೆ. ಅವನು ಒಪ್ಪದ ಕೆಲಸವನ್ನು ನ್ಯಾಯಾಧೀಶರು ಒಪ್ಪಿಕೊಂಡರು, ಯಾರಾದರೂ ಮಾಡಲೇಬೇಕಿತ್ತು.

ಎರಡೇ ವರ್ಷದಲ್ಲಿ, 1865ರಲ್ಲಿ, ಉತ್ತರಾಧಿಕಾರ ಕಾಯ್ದೆ ಬಂತು. ಈಗ ಜಾರಿಯಲ್ಲಿರುವುದು 1925ರದ್ದು. ಉಯಿಲು ಇಲ್ಲದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ, ಗಂಡು ಹೆಣ್ಣು ಭೇದ ಇಲ್ಲದೆ. ತಮಿಳುನಾಡಿನಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು 1989ರಲ್ಲಿ. ಅಂದ್ರೆ ನಮ್ಮ ಕ್ರೈಸ್ತ ಅಜ್ಜಿಯಂದಿರಿಗೆ ಕಾಗದದ ಮೇಲೆ ಒಂದು ಶತಮಾನಕ್ಕೂ ಮೊದಲೇ ಹಕ್ಕಿತ್ತು. ಪಕ್ಕದ ಮನೆಯವರಿಗೆ ಇಲ್ಲದ್ದು ನಮ್ಮವರಿಗೆ ಇತ್ತು, ಆದರೆ ನಾವು ಪಕ್ಕದ ಮನೆಯವರ ಹಾಗೇ ನಡೆದುಕೊಂಡೆವು.

ನನ್ನ ಮನೆಯದ್ದೇ ಹೇಳ್ತೀನಿ. ತಾತನಿಗೆ ನಾಲ್ಕು ಎಕರೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹೊಸೂರಿನಲ್ಲಿ ಸಿಪ್‌ಕಾಟ್ ಕಾರ್ಖಾನೆಗಳು ಬಂದ ಮೇಲೆ ನಮ್ಮಪ್ಪ ಅಲ್ಲಿ ಕೆಲಸಕ್ಕೆ ಸೇರಿದರು. ತಾತ ಹೋದ ಮೇಲೆ ಎರಡು ಎಕರೆ ದೊಡ್ಡಪ್ಪನಿಗೆ, ಎರಡು ಅಪ್ಪನಿಗೆ. ಅತ್ತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು; ಒಂದು ರೇಷ್ಮೆ ಸೀರೆ ಕೊಟ್ಟರು. ಅಪ್ಪ ತಮ್ಮ ಪಾಲಿನಲ್ಲಿ ಒಂದೂವರೆ ಎಕರೆ ಮಾರಿ ಹೊಸೂರಿನಲ್ಲಿ ಸೈಟು ತೊಗೊಂಡರು. ನಿವೃತ್ತರಾಗಿ ಊರಿಗೆ ಬಂದಾಗ ಸಭೆಯವರೆಲ್ಲ ಸೇರಿ ಒಂದು ಕೃತಜ್ಞತಾ ಕೂಟ ಮಾಡಿದರು. ದೊಡ್ಡಪ್ಪ ಜಗಲಿಯಲ್ಲೇ ಕೂತಿದ್ದರು, ಒಳಗೆ ಬರಲಿಲ್ಲ. ಅವತ್ತು ಉಪದೇಶಿಯವರು ಆರಿಸಿಕೊಂಡ ವಾಕ್ಯ ಲೂಕ 15. ಉದ್ದೇಶಪೂರ್ವಕವೋ ಆಕಸ್ಮಿಕವೋ, ದೇವರಿಗೇ ಗೊತ್ತು!

ಆಮೇಲೆ ಒಂದು ಮನೆಪ್ರಾರ್ಥನೆಯಲ್ಲಿ ಅದೇ ಅಧ್ಯಾಯ ಮತ್ತೆ ಬಂತು. ದೊಡ್ಡಪ್ಪ ಕೇಳಿದರು: ‘ಆ ದೊಡ್ಡ ಮಗ ಒಳಕ್ಕೆ ಹೋದ್ನಾ ಇಲ್ವಾ? ಲೂಕ ಯಾಕೆ ಬರೀಲಿಲ್ಲ?’ ಯಾರೂ ಉತ್ತರ ಕೊಡಲಿಲ್ಲ. ಮೂಲೆಯಲ್ಲಿ ಅವರೆಕಾಯಿ ಸುಲೀತಾ ಕೂತಿದ್ದ ಅತ್ತೆ ತಲೆ ಎತ್ತದೆ ಕೇಳಿದರು: ‘ಆ ಮನೇಲಿ ಹೆಣ್ಮಕ್ಳು ಇರ್ಲಿಲ್ವಾ?’

ನಾನು ದೇವಶಾಸ್ತ್ರ ಓದಿದ ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲು ಕೇಳುತ್ತಾರೆ. ಅವರು ಹೇಳುವುದು ನ್ಯಾಯ ಅಂತ ದೇವರೇ ಒಪ್ಪುತ್ತಾನೆ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ಹಾಗಾಗಿ ಆ ವಾಕ್ಯ ಅತ್ತೆಗೆ ಪೂರ್ತಿ ಹೊಂದುವುದಿಲ್ಲ. 36ನೇ ಅಧ್ಯಾಯದಲ್ಲಿ ಸ್ವಂತ ಕುಲದೊಳಗೇ ಮದುವೆಯಾಗಬೇಕು ಅನ್ನೋ ಕಟ್ಟಳೆಯೂ ಸೇರಿಕೊಳ್ಳುತ್ತೆ. ವಾಕ್ಯ ಸಿಕ್ಕಿತು ಅಂತ ತಕ್ಷಣ ತೆಗೆದು ಅಂಟಿಸಲು ಆಗುವುದಿಲ್ಲ. ಆದರೂ ಆ ಐವರ ಹೆಸರುಗಳನ್ನು ಬರೆದಿಟ್ಟ ಪುಸ್ತಕ ನಮ್ಮ ಅಜ್ಜಿಯ ತಲೆದಿಂಬಿನ ಕೆಳಗೇ ಇತ್ತು. ಅತ್ತೆ ಹೆಬ್ಬೆಟ್ಟು ಒತ್ತಿದ ದಿನ ಯಾರೂ ಆ ಪುಟ ತೆರೆಯಲಿಲ್ಲ.

ಕರುವನ್ನು ಕುರಿಮರಿ ಮಾಡಿ ಅಂದ ಆ ಹಳೇ ಕ್ರೈಸ್ತರನ್ನು ನಾನು ಈಗ ಹಗುರವಾಗಿ ಕಾಣಲಾರೆ. ಅವರು ಬಾಯಿಬಿಟ್ಟು ಹೇಳಿ ಬದಲಿಸಿ ಅಂದರು. ನಾವು ಒಂದು ಅಕ್ಷರವನ್ನೂ ಬದಲಿಸಲಿಲ್ಲ, ಬೇಡದ ಪುಟವನ್ನು ಮಡಚಿಟ್ಟೆವು.

ಪ್ರಶ್ನೆ (ಒಬ್ಬ ಸಹಪಾಠಿಯಿಂದ): ಸಾಮ್ಯದ ಕೇಂದ್ರ ತಂದೆಯ ಕೃಪೆ. ನೀವು ಅದನ್ನು ಆಸ್ತಿ ವ್ಯಾಜ್ಯ ಮಾಡ್ತಾ ಇದ್ದೀರಿ ಅನಿಸೋದಿಲ್ವಾ?

ಉತ್ತರ: ಅನಿಸುತ್ತೆ, ಅದಕ್ಕೇ ಹೆದರಿಕೊಂಡೇ ಮಾತಾಡ್ತಾ ಇದ್ದೀನಿ. ಆದರೆ ಲೂಕ ಕೃಪೆಯ ಕಥೆಯನ್ನು ಆಸ್ತಿ ವಿಭಾಗದಿಂದಲೇ ಶುರು ಮಾಡ್ತಾನೆ. ಉಂಗುರ, ಚಪ್ಪಲಿ, ನಿಲುವಂಗಿ, ಕರು ಎಲ್ಲ ಉಳಿದ ಪಾಲಿನಿಂದ ಬಂದದ್ದು, ಅಂದ್ರೆ ಹಿರಿಯನ ಪಾಲಿನಿಂದ. ತಂದೆ ಕೃಪೆ ತೋರಿಸಿದ, ಖರ್ಚು ಅಣ್ಣನ ಲೆಕ್ಕಕ್ಕೆ ಬಂತು. ಇದನ್ನು ಹೇಳದೆ ‘ಕೃಪೆ’ ಅಂದರೆ ದೊಡ್ಡಪ್ಪನಂಥವರು ಜಗಲಿಯಿಂದ ಏಳೋದಿಲ್ಲ.

ಪ್ರಶ್ನೆ (ಅಧ್ಯಾಪಕರಿಂದ): ಅತ್ತೆಯ ಪಾಲಿನ ವಿಷಯ ಏನಾಯಿತು?

ಉತ್ತರ: ಮೇಡಂ, ಹಕ್ಕು ಬಿಟ್ಟ ಪತ್ರ ನೋಂದಣಿ ಆಗಿದೆ, ಕಾನೂನಿನಲ್ಲಿ ಕೇಳೋಕೆ ಏನೂ ಉಳಿದಿಲ್ಲ. ಅಪ್ಪನ ಹತ್ತಿರ ಅರ್ಧ ಎಕರೆ ಇದೆ. ಅದನ್ನು ಅತ್ತೆ ಹೆಸರಿಗೆ ದಾನಪತ್ರ ಮಾಡೋಣ ಅಂತ ಅಪ್ಪ ಅಂದರು. ದೊಡ್ಡಪ್ಪ, ಅವನೊಬ್ಬನೇ ಯಾಕೆ ಕೊಡಬೇಕು, ನನ್ನದರಲ್ಲೂ ಅರ್ಧ ಎಕರೆ ಸೇರಿಸಿ ಅಂದಿದಾರೆ. ಎರಡು ತುಂಡೂ ಅಕ್ಕಪಕ್ಕದಲ್ಲೇ ಇವೆ, ನಡುವೆ ಒಂದು ಹುಣಸೆ ಮರ. ಮರ ಯಾರದ್ದು ಅಂತ ಇನ್ನೂ ಮಾತು ನಡೀತಾ ಇದೆ. ಸರ್ವೆಯವರಿಗೆ ಅರ್ಜಿ ಕೊಟ್ಟಿದ್ದೀವಿ, ರಾಗಿ ಕೊಯ್ಲು ಆದ ಮೇಲೆ ಬರ್ತೀವಿ ಅಂದಿದಾರೆ.